ಗಾಡಿಯ ಫ್ಯಾನು ನಿಂತಾಗ

ಮೊನ್ನೆ ಕುಷ್ಟಗಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಧಾರ್ ಕಾರ್ಡು ಕೇಳಿದ. ನಾನು ಕಿಟಕಿಯಾಚೆ ನೋಡುತ್ತಲೇ ಪರ್ಸಿಗೆ ಕೈ ಹಾಕಿ, ಸಿಕ್ಕಿದ್ದನ್ನು ಅವನ ಕೈಗಿಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಉಗುರಿನಷ್ಟು ಅಗಲದ ಕೆಂಪು ಪ್ಲಾಸ್ಟಿಕ್ಕು, ಅದಕ್ಕೆ ತಗಡಿನ ಎರಡು ಕಾಲು.

"ಟೀಚರ್, ಇದು ಫ್ಯೂಸ್ ಐತ್ರಿ. ಇದರ ಮ್ಯಾಲ ನಿಮ್ಮ ಫೋಟೋ ಇಲ್ಲ," ಎಂದ.

ಬಸ್ಸೇ ನಕ್ಕಿತು. ನಾನೂ ನಕ್ಕು, ಫ್ಯೂಸು ವಾಪಸು ತೆಗೆದುಕೊಂಡು ಕಾರ್ಡು ತೋರಿಸಿದೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಮಾತ್ರ ನಗದೆ ನನ್ನ ಪರ್ಸಿನೊಳಗೆ ಇಣುಕಿ, "ಇನ್ನೂ ಏನೇನ್ ಅದಾವ್ರಿ ಒಳಗ?" ಎಂದು ಕೇಳಿದಳು. ನೀವಾದರೂ ಕೇಳುತ್ತಿದ್ದಿರಿ. ನನ್ನ ವಯಸ್ಸಿನವರ ಪರ್ಸಿನಲ್ಲಿ ಏನಿರಬೇಕೆಂದು ನನಗೂ ಗೊತ್ತು. ಏಲಕ್ಕಿ, ಪಿನ್ನು, ವಿಭೂತಿ, ಮೊಮ್ಮಕ್ಕಳ ಫೋಟೋ. ನಾನು ಮದುವೆಯಾಗಲಿಲ್ಲವಾದ್ದರಿಂದ ಮೊಮ್ಮಕ್ಕಳ ಫೋಟೋದ ಜಾಗ ಮೊದಲಿನಿಂದಲೂ ಖಾಲಿ ಇತ್ತು. ಈಗ ಅಲ್ಲಿ ನಾಲ್ಕು ಫ್ಯೂಸು, ಒಂದು ಸುತ್ತು ಕರಿ ಟೇಪು, ಒಂದು ಟೆಸ್ಟರು ಇವೆ. ಇವೆಲ್ಲ ಅಲ್ಲಿಗೆ ಬಂದದ್ದು ನಮ್ಮ ಅಕ್ಕನ ದೆಸೆಯಿಂದ.

ನಮ್ಮದು ಯಲಬುರ್ಗಾ. ನಾವು ಸಣ್ಣವರಿದ್ದಾಗ ನಮ್ಮ ಮನೆಯಲ್ಲಿ ದೇವರ ಜಗಲಿಗಿಂತ ಕರೆಂಟಿನ ಹಲಗೆಗೆ ಭಯಭಕ್ತಿ ಹೆಚ್ಚು. ಪಡಸಾಲೆಯ ಗೋಡೆಯ ಮೇಲೆ ಎತ್ತರದಲ್ಲಿ ಕಟ್ಟಿಗೆಯ ಹಲಗೆ, ಅದರ ಮೇಲೆ ಕರಿಯ ಸ್ವಿಚ್ಚುಗಳು, ನಡುವೆ ಪಿಂಗಾಣಿಯ ಬಿಳಿ ಫ್ಯೂಸು. ಹಬ್ಬಕ್ಕೆ ಸುಣ್ಣ ಬಳಿಯುವಾಗಲೂ ಅದರ ಸುತ್ತ ಒಂದು ಗೇಣು ಜಾಗ ಬಿಟ್ಟೇ ಬಳಿಯುತ್ತಿದ್ದರು. ಹೀಗಾಗಿ ವರ್ಷದಿಂದ ವರ್ಷಕ್ಕೆ ಗೋಡೆ ಬೆಳ್ಳಗಾಗುತ್ತ ಹೋಯಿತು, ಹಲಗೆಯ ಸುತ್ತಲಿನ ಚೌಕ ಕಪ್ಪಾಗುತ್ತ ಹೋಯಿತು. "ಹೆಣ್ಣುಮಕ್ಕಳು ಕೈ ಹಚ್ಚೀರಿ, ಹುಷಾರ್," ಎಂಬುದು ಅಪ್ಪನ ಕಾಯಂ ಮಾತು. ಗಂಡುಮಕ್ಕಳು ಹಚ್ಚಿದರೆ ಕರೆಂಟು ಸುಮ್ಮನಿರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಫ್ಯೂಸು ಹೋದರೆ ಖಾದರ್‌ಸಾಬರು ಸೈಕಲ್ಲಿನ ಮೇಲೆ ಬರಬೇಕು. ಅವರು ಬರುವವರೆಗೆ ಕಂದೀಲು.

ಒಂದು ಸಂಜೆ ಅಪ್ಪ ರೇಡಿಯೋದಲ್ಲಿ ವಾರ್ತೆ ಕೇಳುತ್ತಿದ್ದಾಗ ಪಟ್ ಎಂದು ಎಲ್ಲ ಆರಿತು. ಖಾದರ್‌ಸಾಬರು ಮಗಳ ಊರಿಗೆ ಹೋಗಿದ್ದರು. ಅಪ್ಪ ಗೊಣಗುತ್ತ ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತರು. ಅಕ್ಕ ಗಂಗಾ ಆಗ ಹನ್ನೆರಡರ ಹುಡುಗಿ. ಖಾದರ್‌ಸಾಬರು ಬಂದಾಗಲೆಲ್ಲ ಅವರ ಸ್ಟೂಲು ಹಿಡಿಯುವ ಕೆಲಸ ಅವಳದು. ಸುಮ್ಮನೆ ಹಿಡಿದಿರಲಿಲ್ಲ, ನೋಡುತ್ತಲೂ ಇದ್ದಳು. ಆ ಸಂಜೆ ಮೇನ್ ಸ್ವಿಚ್ ಇಳಿಸಿ, ಫ್ಯೂಸು ಕಿತ್ತು, ಹಳೆಯ ವೈರಿನಿಂದ ಒಂದೆಳೆ ತಂತಿ ಸುಲಿದು ಸುತ್ತಿ, ತಿರುಗಿ ಹಾಕಿಬಿಟ್ಟಳು. ದೀಪ ಬಂತು, ವಾರ್ತೆ ಬಂತು, ಹಿಂದೆಯೇ ಅಪ್ಪನೂ ಬಂದರು. ಸ್ಟೂಲಿನ ಮೇಲೆ ನಿಂತಿದ್ದ ಅಕ್ಕನನ್ನು ಕೆಳಗಿಳಿಸಿ ಎರಡು ಬಿಗಿದರು. ಆಮೇಲೆ ಕುಳಿತು ಉಳಿದ ವಾರ್ತೆ ಕೇಳಿದರು. ಏಟು ಅಕ್ಕನಿಗೊಬ್ಬಳಿಗೆ, ಬೆಳಕು ಮನೆಮಂದಿಗೆಲ್ಲ. ಅಕ್ಕ ಅಳಲಿಲ್ಲ. ಹತ್ತಿರ ಬಂದು, "ತಂತಿ ಛಲೋ ಕುಂತೈತಿ ನೋಡು," ಎಂದು ನನ್ನ ಕಿವಿಯಲ್ಲಿ ಹೇಳಿದಳು.

ನಾನು ಮಾತ್ರ ಅಪ್ಪ ಹೇಳಿದಂತೆ ಯಾವುದಕ್ಕೂ ಕೈ ಹಚ್ಚದೆ ಬೆಳೆದೆ. ಕೈ ಹಚ್ಚದೆಯೇ ವಿಜ್ಞಾನದ ಟೀಚರಾದೆ. ಕುಷ್ಟಗಿಯ ಒಂದು ಹೈಸ್ಕೂಲಿನಲ್ಲಿ ಕೂದಲು ನೆರೆಯುವವರೆಗೆ ವಿದ್ಯುತ್ ಪಾಠ ಮಾಡಿದೆ. ಬೋರ್ಡಿನ ಮೇಲೆ ಬ್ಯಾಟರಿ ಬರೆದೆ, ಬಲ್ಬು ಬರೆದೆ, ನಡುವೆ ಗೆರೆ ಎಳೆದೆ. ನನ್ನ ಬಲ್ಬುಗಳೆಲ್ಲ ಚಾಕ್‌ಪೀಸಿನಲ್ಲೇ ಬೆಳಗಿದವು. ವೋಲ್ಟ್ ಅಳೆಯುವ ಮೀಟರುಗಳು ಬೀರುವಿನಲ್ಲಿದ್ದವು, ಬೀರುವಿನ ಕೀಲಿ ನನ್ನ ಸೊಂಟದಲ್ಲಿತ್ತು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಬ್ಯಾಟರ್‍ಯಾಗ ಇದ್ದಷ್ಟೂ ಬಲ್ಬಿಗೆ ಮುಟ್ಟತೈತೇನ್ರಿ? ದಾರ್‍ಯಾಗ ಏನೂ ಕಳಿಯಂಗಿಲ್ಲೇನ್ರಿ?" ಎಂದು ಕೇಳಿದ್ದಳು. ಎಂಥ ಪ್ರಶ್ನೆ! ನಾನು, "ಅದು ಪರೀಕ್ಷೆಗೆ ಬರಂಗಿಲ್ಲ, ಕೂಡು," ಎಂದಿದ್ದೆ. ಪರೀಕ್ಷೆಗೆ ಬರಲಿಲ್ಲ, ನಿಜ. ನನ್ನ ಜೀವನಕ್ಕೆ ಬಂತು.

ಗಂಗಕ್ಕನನ್ನು ಕಾರಟಗಿಗೆ ಕೊಟ್ಟಿದ್ದರು. ಮಾವನವರದು ಅಕ್ಕಿ ಮಿಲ್ಲು. ಮಿಲ್ಲಿನ ಅಂಗಳದಲ್ಲಿ ಟ್ರ್ಯಾಕ್ಟರು, ಟೆಂಪೋ, ಲಾರಿ ಎಲ್ಲ ಇದ್ದವು. ಡ್ರೈವರುಗಳು ಊಟಕ್ಕೆ ಹೋದ ಹೊತ್ತು ನೋಡಿ ಒಂದೊಂದನ್ನೇ ನಡೆಸಲು ಕಲಿತಳು. ಭಾವ ತೀರಿಕೊಂಡ ಮೇಲೆ, ಮಿಲ್ಲು ಮೈದುನರ ಪಾಲಿಗೆ ಹೋದ ಮೇಲೆ, ಕೊಪ್ಪಳದ ನನ್ನ ಮನೆಗೆ ಬಂದಳು. ಆಗಲೇ ಸಕ್ಕರೆ ಕಾಯಿಲೆ ಬಂದಿತ್ತು, ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ನಾನು ನಿವೃತ್ತಳಾದ ಮರುವಾರವೇ ಚಹಾ ಕುಡಿಯುತ್ತ, "ನೀಲಾ, ಒಂದು ಗಾಡಿ ತಗೊಳ್ಳೋಣು. ಅದರಾಗ ಮಲಗೋದು, ಅದರಾಗ ಅಡಗಿ ಮಾಡೋದು, ಊರೂರು ತಿರಗೋದು," ಎಂದಳು. ನಾನು ನಕ್ಕುಬಿಟ್ಟೆ. ಅವಳು ನಗಲಿಲ್ಲ.

ಸಿಕ್ಕಿದ್ದು ಒಂದು ಹಳೆಯ ಆಂಬುಲೆನ್ಸು. ಮಲಗಲು ಒಂದು ಮಂಚ ಮೊದಲೇ ಇತ್ತು, ಇನ್ನೊಂದನ್ನು ಕೂಡಿಸಿದೆವು. ಹನ್ನೆರಡು ವೋಲ್ಟಿನ ಒಂದು ಫ್ಯಾನು, ದೀಪಗಳು, ಇನ್ಸುಲಿನ್ನಿಗೆಂದು ಪುಟ್ಟ ಫ್ರಿಜ್ಜು, ಇವನ್ನೆಲ್ಲ ನಡೆಸಲು ಮಂಚದ ಕೆಳಗೆ ಒಂದು ದೊಡ್ಡ ಬ್ಯಾಟರಿ, ಅದನ್ನು ತುಂಬಲು ನೆತ್ತಿಯ ಮೇಲೆ ಸೋಲಾರ್ ಪ್ಲೇಟು. ಒಳಗೂ ಹೊರಗೂ ನೀಲಿ ಬಣ್ಣ ಹೊಡೆಸಿದೆವು. ಆರ್‌ಟಿಒ ಕಚೇರಿಯ ಮೆಟ್ಟಿಲು ಸವೆಯುವಷ್ಟು ಹತ್ತಿಳಿದು ಕಾಗದಪತ್ರ ಬದಲಿಸಿದೆವು. ಆದರೂ ನೀಲಿ ಬಣ್ಣದಡಿಯಿಂದ ಆಂಬುಲೆನ್ಸಿನ ಹಳೆಯ ಅಕ್ಷರಗಳು ಮೆಲ್ಲಗೆ ಇಣುಕುತ್ತಿದ್ದವು. ಇರಕಲ್ಲಗಡದ ಹತ್ತಿರ ಮರದ ನೆರಳಿಗೆ ನಿಲ್ಲಿಸಿದಾಗ ಅಜ್ಜನೊಬ್ಬ ಸೀದಾ ಬಂದು ಅಂಗಿಯ ತೋಳು ಮೇಲೇರಿಸಿ ಕೈ ಚಾಚಿದ. "ಬೀಪಿ ನೋಡ್ರಿ," ಎಂದ. ಬೀಪಿ ನೋಡುವವರಲ್ಲ, ಕ್ಯಾಂಪಿಗೆ ಹೊರಟವರು ಎಂದೆ. ಅವನಿಗೆ ಇನ್ನೂ ಗೊಂದಲವಾಯಿತು. "ಯಾವ ಕ್ಯಾಂಪ್ರಿ? ಗಂಗಾವತಿ ಕಡೀದೋ, ಕಾರಟಗಿ ಕಡೀದೋ?" ನಮ್ಮ ಕಡೆ ಕಾಲುವೆ ನೀರು ಬಂದಾಗ ಆಂಧ್ರದಿಂದ ಬಂದ ರೈತರು ಕಟ್ಟಿಕೊಂಡ ಊರುಗಳಿಗೆ ಕ್ಯಾಂಪ್ ಅನ್ನುತ್ತಾರೆ. ಸುಮ್ಮನೆ ತಿರುಗಾಡಲು ಹೊರಟ ಇಬ್ಬರು ಮುದುಕಿಯರಿಗೆ ಇನ್ನೂ ಹೆಸರಿಟ್ಟಿಲ್ಲ.

ಆ ಇರಕಲ್ಲಗಡದಲ್ಲೇ ಮೊದಲ ಸಲ ಫ್ಯಾನು ನಿಂತಿತು. ದೀಪ ಮಿಣಮಿಣ ಎಂದಿತು, ಫ್ರಿಜ್ಜು ಕುಂಯ್ ಎಂದು ಸುಮ್ಮನಾಯಿತು. ಗಂಗಾವತಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನಮ್ಮ ತಮ್ಮ ಬಸಣ್ಣ ತನ್ನ ಗುರುತಿನ ಮೆಕ್ಯಾನಿಕ್ ವೀರೇಶನನ್ನು ಕರೆದುಕೊಂಡು ಬಂದ. ವೀರೇಶ ಐದು ನಿಮಿಷ ನೋಡಿ, "ಬ್ಯಾಟರಿ ಹೋಗೇತ್ರಿ," ಎಂದು ಬಸಣ್ಣನಿಗೆ ಹೇಳಿದ. ಗಾಡಿ ಅಕ್ಕನದು, ಕೀಲಿ ಅಕ್ಕನ ಕೈಯಲ್ಲಿತ್ತು, ಮಾತು ಮಾತ್ರ ಬಸಣ್ಣನ ಜೊತೆ. ಅಕ್ಕ ಏನೋ ಕೇಳಿದರೆ, "ನಿಮಗ ತಿಳಿಯಂಗಿಲ್ರಿ ಅಮ್ಮಾರ, ನಾ ಅಣ್ಣಾರಿಗೆ ಹೇಳೀನಿ," ಎಂದ. ಹೊಸ ಬ್ಯಾಟರಿ ಬಂತು. ಎರಡು ವಾರ ಎಲ್ಲ ಸರಿ ಇತ್ತು. ಎರಡನೆಯ ಪ್ರವಾಸದಲ್ಲಿ ಕುಷ್ಟಗಿ ದಾಟುವ ಮೊದಲೇ ಮತ್ತೆ ಅದೇ ಕಥೆ. ವೀರೇಶ ಮತ್ತೆ ಬಂದ, ಆ ಬ್ಯಾಟರಿಯೂ ಖರಾಬು ಎಂದು ಇನ್ನೊಂದು ಹಾಕಿದ. ಆ ಸಲ ಗಾಡಿಯನ್ನು ಊರಿಗೆ ಎಳೆದುಕೊಂಡೇ ಬಂದರು. ಎಳೆಯುವ ಅಗತ್ಯ ಇರಲಿಲ್ಲ, ಇಂಜಿನ್ ಸರಿಯಿತ್ತು. ಆದರೆ ಅದನ್ನು ಊರಿನ ಜನ ನೋಡಲಿ ಎಂಬುದು ಬಸಣ್ಣನ ಆಸೆ.

ಅವತ್ತು ಅವನು ನಮ್ಮ ಪಡಸಾಲೆಯಲ್ಲಿ ಕುಳಿತು ತೀರ್ಪು ಕೊಟ್ಟ. "ದೊಡ್ಡಕ್ಕ, ಗಂಗಾವತ್ಯಾಗ ಒಬ್ರು ಅದಾರ. ಈ ಗಾಡ್ಯಾಗ ಟಿಫಿನ್ ಸೆಂಟರ್ ಮಾಡ್ತಾರಂತ. ಇನ್ನೊಂದ್ ಸಲ ಇದು ದಾರ್‍ಯಾಗ ಕೈ ಕೊಟ್ರ ಅವ್ರಿಗೆ ಕೊಟ್ಟುಬಿಡೋದು. ಮುಗೀತು."

ಅವನು ಕೆಟ್ಟವನಲ್ಲ, ಅದನ್ನು ಹೇಳಿಬಿಡಬೇಕು. ಹಿಂದಿನ ಬೇಸಿಗೆಯಲ್ಲಿ ಅಕ್ಕ ಅವನ ಮನೆಗೆ ಹೋಗಿದ್ದಾಗ ಬ್ಯಾಗಿನಲ್ಲೇ ಉಳಿದ ಇನ್ಸುಲಿನ್ ಬಿಸಿಲಿಗೆ ಕೆಟ್ಟು, ಅದು ತಿಳಿಯದೆ ಅದನ್ನೇ ಚುಚ್ಚಿಕೊಂಡು, ಸಕ್ಕರೆ ಏರಿ ಆಸ್ಪತ್ರೆ ಸೇರಿದ್ದಳು. ಎರಡು ದಿನ ಅಂಗಡಿ ಮುಚ್ಚಿ ಮಂಚದ ಪಕ್ಕ ಕುಳಿತವನು ಅವನೇ. ಅಂದಿನಿಂದ ಅವನ ಪ್ರೀತಿಗೆ ಬೀಗದ ಆಕಾರ ಬಂದಿತ್ತು. ಅವನು ಹೋದ ಮೇಲೆ ಅಕ್ಕ ನನ್ನ ಕಡೆ ತಿರುಗಿ, "ನೀ ವಿಜ್ಞಾನದ ಟೀಚರ್ ಹೌದೋ ಅಲ್ಲೋ?" ಎಂದಳು.

ಆ ಪ್ರಶ್ನೆ ಚುಚ್ಚಿತು. ಮರುದಿನ ಹೋಗಿ ಮಲ್ಟಿಮೀಟರ್ ಕೊಂಡೆ. ಎರಡು ಕಡ್ಡಿ, ಕೆಂಪು ಒಂದು, ಕಪ್ಪು ಒಂದು. ಎಲ್ಲಿ ಹಿಡಿದರೆ ಅಲ್ಲಿನ ವೋಲ್ಟು ಅಂಕಿಯಲ್ಲಿ ಕಾಣುತ್ತದೆ. ಟಾರ್ಚಿನ ಸೆಲ್ಲಿನಿಂದ ಶುರು ಮಾಡಿದೆ. ಆಮೇಲೆ ಗಡಿಯಾರ, ಆಮೇಲೆ ಪಕ್ಕದ ಮನೆಯವರ ಸ್ಕೂಟರು. ಹೈಸ್ಕೂಲಿನ ನನ್ನದೇ ಹಳೆಯ ನೋಟ್ಸು ತೆಗೆದು, ಇಷ್ಟು ವರ್ಷ ಕಲಿಸಿದ್ದನ್ನು ಮೊದಲ ಸಲ ಕಲಿತೆ.

ಏಪ್ರಿಲ್ ತಿಂಗಳಲ್ಲಿ ಮೂರನೆಯ ಸಲ ಹೊರಟೆವು. ಈ ಸಲ ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡಕ್ಕೆ. ಗುಡ್ಡದ ಮೇಲೆ ಸಾವಿರಾರು ವರ್ಷದ ಹಿಂದಿನ ಜನ ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಲಿನ ಮನೆಗಳಿವೆ, ಮೋರೇರ ಮನೆಗಳೆನ್ನುತ್ತಾರೆ. ಮಧ್ಯಾಹ್ನಕ್ಕೆ ಮುಟ್ಟಿ, ಗುಡ್ಡದ ಬುಡದಲ್ಲಿ ಬೇವಿನ ಮರದಡಿ ನಿಲ್ಲಿಸಿ, ಮರುದಿನ ಬೆಳಕು ಹರಿಯುವಾಗ ಹತ್ತುವುದೆಂದು ಲೆಕ್ಕ. ಕಡೆಯ ಎರಡು ಮೈಲಿ ರಸ್ತೆ ಎಂಬುದು ಬರೀ ತಗ್ಗು. ಗಾಡಿ ನಿಲ್ಲಿಸಿ, ಅಕ್ಕ ಫ್ಯಾನಿನ ಸ್ವಿಚ್ ಒತ್ತಿದಳು. ರೆಕ್ಕೆ ಎರಡು ಸುತ್ತು ತಿರುಗಿ, ಮೂರನೆಯ ಸುತ್ತಿಗೆ ಯೋಚನೆ ಮಾಡಿ, ನಿಂತಿತು. ಫ್ರಿಜ್ಜು ಕುಂಯ್ ಎಂದಿತು.

ಹೊರಗೆ ಬಂಡೆಗಳು ಬಿಸಿಲಿಗೆ ಹಂಚಿನಂತೆ ಕಾದಿದ್ದವು.

ಅಷ್ಟರಲ್ಲಿ ಬಸಣ್ಣನದೇ ಫೋನು, ಮುಟ್ಟಿದಿರೋ ಇಲ್ಲವೋ ಎಂದು. ಅಕ್ಕನಿಗೆ ಸುಳ್ಳು ಬರುವುದಿಲ್ಲ. "ಮುಟ್ಟೀವಿ. ಫ್ಯಾನ್ ನಿಂತೈತಿ," ಎಂದಳು. ಆ ಕಡೆಯಿಂದ ಅವನ ದನಿ ನನಗೂ ಕೇಳಿತು. "ಎಲ್ಲೂ ಹೋಗಬ್ಯಾಡ್ರಿ. ವೀರೇಶನ್ನ ಕರಕೊಂಡು ಎರಡು ತಾಸಿನ್ಯಾಗ ಬರ್ತೀನಿ. ಎಳಕೊಂಡು ಬರೋಣು. ಟಿಫಿನ್ ಸೆಂಟರಿನವರಿಗೂ ಹೇಳಿಬಿಡ್ತೀನಿ."

ಅಕ್ಕ ಫೋನು ಇಟ್ಟು ಮೊದಲು ಇನ್ಸುಲಿನ್ನಿನ ವ್ಯವಸ್ಥೆ ಮಾಡಿದಳು. ಕುಡಿಯುವ ನೀರಿನ ಜೊತೆ ತಂದಿದ್ದ ಸಣ್ಣ ಮಣ್ಣಿನ ಗಡಿಗೆಯಲ್ಲಿ ಔಷಧಿಯ ಡಬ್ಬಿ ಇಟ್ಟು, ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ, ನೆರಳಿನಲ್ಲಿ ಗಾಳಿ ಆಡುವಲ್ಲಿ ಇಟ್ಟಳು. "ಇವತ್ತಿನ ಮಟ್ಟಿಗೆ ತಡೀತೈತಿ. ನಾಳಿಗಿಲ್ಲ," ಎಂದಳು. ಆಮೇಲೆ ಸೀರೆಯ ನೆರಿಗೆ ಎತ್ತಿ ಸಿಗಿಸಿ, "ಎರಡು ತಾಸು ಅದಾವ. ಹೇಳು ಟೀಚರ್, ಎಲ್ಲಿಂದ ಶುರು ಮಾಡೋಣು?" ಎಂದಳು.

ಮೋಟಾರ್ ಸೈಕಲ್ಲಿನ ಮೇಲೆ ಹೊಲಕ್ಕೆ ಹೊರಟಿದ್ದ ಯಜಮಾನರೊಬ್ಬರು ನಿಂತು, ಮಂಚದ ಕೆಳಗೆ ತಲೆ ತೂರಿಸಿದ್ದ ನನ್ನನ್ನೂ ಹಲಗೆ ಎತ್ತಿ ಹಿಡಿದಿದ್ದ ಅಕ್ಕನನ್ನೂ ನೋಡಿ, "ಯಾರರ ಗಂಡಸ್ರನ್ನ ಕರೀರಲ್ಲ," ಎಂದರು.

"ಕರದೀವ್ರಿ," ಎಂದಳು ಅಕ್ಕ. "ಅವ್ರು ಬರೂದ್ರಾಗ ಮುಗಸ್ಬೇಕಾಗೇತಿ."

ಅವರಿಗೆ ಏನು ತಿಳಿಯಿತೋ, ಗಾಡಿ ಬಂದ್ ಮಾಡಿ ಬೇವಿನ ಬೇರಿನ ಮೇಲೆ ಕುಳಿತೇಬಿಟ್ಟರು. ಕಡೆಯವರೆಗೂ ಹೋಗಲಿಲ್ಲ.

ಮೊದಲು ಎಲ್ಲ ಆರಿಸಿ ಬ್ಯಾಟರಿಗೆ ಕಡ್ಡಿ ಹಿಡಿದೆ. ಹನ್ನೆರಡೂವರೆಗಿಂತ ಮೇಲೆ. ತುಂಬಿದ ಬ್ಯಾಟರಿ. ಹಿಂದಿನ ಬ್ಯಾಟರಿಗಳೂ ಹೀಗೇ ತುಂಬಿದ್ದನ್ನು ವೀರೇಶ ನೋಡಿದ್ದ, ಆದರೆ ಭಾರ ಬಿದ್ದಾಗ ಕುಸಿಯುತ್ತವೆ ಎಂದಿದ್ದ. ಸರಿ, ಭಾರ ಹಾಕೋಣ. ಅಕ್ಕ ಫ್ಯಾನು, ದೀಪ ಎಲ್ಲದರ ಸ್ವಿಚ್ಚು ಒತ್ತಿ ಹಾಗೇ ಬಿಟ್ಟಳು. ಫ್ಯಾನು ನರಳಿತು. ನಾನು ಮತ್ತೆ ಬ್ಯಾಟರಿಗೆ ಹಿಡಿದೆ. ಹನ್ನೆರಡರ ಕೆಳಗೆ ಇಳಿಯಲೇ ಇಲ್ಲ. ಫ್ಯಾನಿನ ಹತ್ತಿರ ಹೋಗಿ ಅದರ ಎರಡು ವೈರಿನ ಟೇಪು ಸುಲಿದು ಅಲ್ಲಿ ಹಿಡಿದೆ. ಎಂಟು.

ನಾನು ಕಡ್ಡಿ ಹಿಡಿದು ಹಾಗೇ ನಿಂತೆ. ಹಿಂದಿನ ಬೆಂಚಿನ ಆ ಹುಡುಗಿ ನನ್ನ ಎದುರೇ ಎದ್ದು ನಿಂತಂತಾಯಿತು. ದಾರಿಯಲ್ಲಿ ಏನೂ ಕಳೆಯುವುದಿಲ್ಲವೇ ಟೀಚರ್? ಕಳೆಯುತ್ತದೆ ತಾಯಿ. ನಾಲ್ಕು ವೋಲ್ಟು ಕಳೆದಿದೆ.

"ಅಕ್ಕಾ, ಬ್ಯಾಟರಿ ಸರಿ ಐತಿ. ಅಲ್ಲಿ ಹನ್ನೆರಡು, ಇಲ್ಲಿ ಎಂಟು. ನಡುವ ಎಲ್ಲೋ ಹೋಗಾಕತ್ತೈತಿ."

ಕಾಲುವೆಯ ಸೀಮೆಯಲ್ಲಿ ಬಾಳ್ವೆ ಮಾಡಿದ ಅಕ್ಕನಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಲಿಲ್ಲ. "ಡ್ಯಾಮ್ ತುಂಬೇತಿ, ಕಡೀ ಹೊಲಕ್ಕ ನೀರಿಲ್ಲ. ಅಂದ್ರ ಕಾಲುವ್ಯಾಗ ಯಾರೋ ಕಲ್ಲಿಟ್ಟಾರ. ಕಾಲುವಿ ಗುಂಟ ನಡಿ," ಎಂದಳು. ಬೇರಿನ ಮೇಲಿನ ಯಜಮಾನರು, "ಖರೇ ಮಾತು," ಎಂದು ತಲೆಯಾಡಿಸಿದರು.

ಕಾಲುವೆ ಎರಡು. ಬ್ಯಾಟರಿಯಿಂದ ಫ್ಯಾನಿಗೆ ಹೋಗುವ ಕೆಂಪು ವೈರು ಒಂದು. ಫ್ಯಾನಿನಿಂದ ಹಿಂತಿರುಗುವ ದಾರಿ ಇನ್ನೊಂದು. ಅದು ಗಾಡಿಯ ಕಬ್ಬಿಣದ ಮೈಯ ಮೂಲಕ ಹರಿದು, ಒಂದು ಬೋಲ್ಟಿನ ಹತ್ತಿರ ದಪ್ಪ ಕರಿ ವೈರು ಹಿಡಿದು ಬ್ಯಾಟರಿಗೆ ಮರಳುತ್ತದೆ. ಇದಕ್ಕೆ ಅರ್ಥಿಂಗ್ ಅನ್ನುತ್ತಾರೆ. ಮೊದಲು ಕೆಂಪು ವೈರಿನ ಒಂದು ತುದಿಗೆ ಒಂದು ಕಡ್ಡಿ, ಇನ್ನೊಂದು ತುದಿಗೆ ಇನ್ನೊಂದು. ಕಳೆದದ್ದು ಲೆಕ್ಕಕ್ಕಿಲ್ಲದಷ್ಟು. ಆಮೇಲೆ ಒಂದು ಕಡ್ಡಿ ಬ್ಯಾಟರಿಯ ಕರಿ ತುದಿಗೆ, ಇನ್ನೊಂದು ಗಾಡಿಯ ಮೈಗೆ. ಸೊನ್ನೆ ಇರಬೇಕಾದಲ್ಲಿ ಅಂಕಿ ಜಿಗಿದು ಸುಮಾರು ನಾಲ್ಕಕ್ಕೆ ನಿಂತಿತು.

"ಸಿಕ್ತು!" ಎಂದು ನಾನು ಕೂಗಿದ್ದಕ್ಕೆ ತಲೆ ಮಂಚಕ್ಕೆ ಬಡಿಯಿತು. ಬುಗುಟು ವಾರದವರೆಗೆ ಇತ್ತು. ಹೆಮ್ಮೆಯಿಂದ ಸವರಿಕೊಳ್ಳುತ್ತಿದ್ದೆ.

ಬೋಲ್ಟು ಮೂಲೆಯಲ್ಲಿತ್ತು. ಅದರ ಮೇಲೆ ನಮ್ಮದೇ ನೀಲಿ ಬಣ್ಣ. ಬಣ್ಣ ಹೊಡೆಸುವ ಆತುರದಲ್ಲಿ ಕಬ್ಬಿಣದ ಮೈಗೂ ಒಂದು ಕೈ ಹೊಡೆಸಿ, ಆ ಬಣ್ಣದ ಮೇಲೆಯೇ ವೈರು ಕೂರಿಸಿ ಬಿಗಿದಿದ್ದರು. ಬಣ್ಣದೊಳಗೆ ಕರೆಂಟು ಹರಿಯುವುದಿಲ್ಲವೆಂದು ಒಂಬತ್ತನೆಯ ಇಯತ್ತೆಯ ಮಗುವಿಗೂ ಗೊತ್ತು, ಹೇಳಿಕೊಟ್ಟವಳು ನಾನೇ. ಬಣ್ಣ ಆರಿಸಿದವಳೂ ನಾನೇ. ವೀರೇಶ ಪ್ರತಿ ಸಲ ಬ್ಯಾಟರಿ ಬದಲಿಸುವಾಗ ಆ ವೈರು ಅಲುಗಾಡಿ ಒಂದಿಷ್ಟು ದಿನ ಎಲ್ಲೋ ಒಂದು ಮೂಲೆ ಕಬ್ಬಿಣ ಕಚ್ಚುತ್ತಿತ್ತು, ತಗ್ಗಿನ ರಸ್ತೆ ಬಂದರೆ ಬಿಡುತ್ತಿತ್ತು. ಪಾಪ, ಎರಡು ಒಳ್ಳೆಯ ಬ್ಯಾಟರಿಗಳು ಅನ್ಯಾಯವಾಗಿ ಕೆಟ್ಟ ಹೆಸರು ಹೊತ್ತು ಹೋದವು.

ಬ್ಯಾಟರಿಯ ಕರಿ ತುದಿ ಬಿಚ್ಚಿ ಇಟ್ಟು ಬೋಲ್ಟಿಗೆ ಪಾನಾ ಹಾಕಿದೆ. ಅಲುಗಲಿಲ್ಲ. ಜೋತು ಬಿದ್ದೆ, ಆಗಲೂ ಅಲುಗಲಿಲ್ಲ. ಅಕ್ಕ ನನ್ನನ್ನು ಸರಿಸಿ, ಗ್ಯಾಸ್ ಒಲೆಯ ಹಿಂದಿಟ್ಟಿದ್ದ ಕಬ್ಬಿಣದ ಕೊಳವೆ ತಂದು ಪಾನಾದ ಬಾಲಕ್ಕೆ ತೊಡಿಸಿದಳು. ಪಾನಾ ಈಗ ಮಾರುದ್ದವಾಯಿತು. "ಮಿಲ್ಲಿನ್ಯಾಗ ಹಿಂಗ ಬಿಚ್ಚತಿದ್ರು. ನನ್ನ ಮುಟ್ಟಾಕ ಬಿಡ್ತಿದ್ದಿಲ್ಲ," ಎನ್ನುತ್ತ ಒಂದು ಕಾಲು ಮಂಚಕ್ಕೆ ಊರಿ ಎಳೆದಳು. ಕಟಕ್ ಎಂದಿತು. ಯಜಮಾನರು ಎದ್ದು ನಿಂತರು.

ಹಳೆಯ ಚಾಕು, ಉಸುಕು ಕಾಗದ ಹಿಡಿದು ಇಬ್ಬರೂ ಸರದಿಯ ಮೇಲೆ ಕೆರೆದೆವು. ನೀಲಿಯ ಕೆಳಗೆ ಆಂಬುಲೆನ್ಸಿನ ಬಿಳಿ, ಬಿಳಿಯ ಕೆಳಗೆ ತುಕ್ಕು, ತುಕ್ಕಿನ ಕೆಳಗೆ ಕಡೆಗೂ ಬೆಳ್ಳಿಯ ರುಪಾಯಿಯಂತೆ ಹೊಳೆಯುವ ಕಬ್ಬಿಣ. ವೈರಿನ ತುದಿಯನ್ನೂ ತಿಕ್ಕಿ, ಕೂರಿಸಿ, ಅಕ್ಕ ಬಿಗಿದಳು. ನಾನು ಗಾಂಭೀರ್ಯದಿಂದ ಬ್ಯಾಟರಿ ಜೋಡಿಸಿದೆ.

ಚಟ್! ಕಿಡಿ ಹಾರಿತು. ಫ್ಯಾನೂ ತಿರುಗಲಿಲ್ಲ, ಫ್ರಿಜ್ಜೂ ದನಿ ಎತ್ತಲಿಲ್ಲ. ಫ್ಯಾನಿನ ಹತ್ತಿರ ಅಳೆಯಲು ಟೇಪು ಸುಲಿದಿದ್ದ ಕೆಂಪು ವೈರಿನ ತುದಿಯನ್ನು ನಾನು ಹಾಗೇ ಬಿಟ್ಟಿದ್ದೆ. ಅದು ಕಳಚಿ ಗಾಡಿಯ ಮೈಗೆ ತಾಗಿ, ಫ್ಯಾನಿಗೂ ಫ್ರಿಜ್ಜಿಗೂ ಸೇರಿ ಇದ್ದ ಒಂದೇ ಫ್ಯೂಸು ಸುಟ್ಟಿತ್ತು.

"ನೀಲಾ," ಎಂದಳು ಅಕ್ಕ ಶಾಂತವಾಗಿ. "ಇದು ಬೋರ್ಡ್ ಅಲ್ಲ, ಅಳಿಸಿ ಬರಿಯಾಕ."

ಆಗ ಅಳು ಬಂದದ್ದು ನಿಜ. ಹೆಚ್ಚಿನ ಫ್ಯೂಸು ತಂದಿರಲಿಲ್ಲ. ಎರಡು ತಾಸು ಮುಗಿಯುತ್ತ ಬಂದಿತ್ತು. ಇಷ್ಟು ಹುಡುಕಿ, ಕಂಡುಹಿಡಿದು, ಕಡೆಗೆ ಉಗುರಿನಗಲದ ಪ್ಲಾಸ್ಟಿಕ್ಕಿಗಾಗಿ ಸೋಲುವುದೇ? ಅಕ್ಕ ಫ್ಯೂಸಿನ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಒಂದೊಂದರ ಕೆಳಗೂ ಬರೆದದ್ದನ್ನು ಓದಿಸಿದಳು. ಒಂದು ದೀಪದ್ದು, ಒಂದು ಫ್ಯಾನು-ಫ್ರಿಜ್ಜಿನದು... ಕಡೆಯದು ಸೈರನ್. ಸೈರನ್ ಯಾವಾಗಲೋ ಬಿಚ್ಚಿಸಿದ್ದೆವು, ಅದರ ಫ್ಯೂಸು ಮಾತ್ರ ಕೆಲಸವಿಲ್ಲದೆ ಕುಳಿತಿತ್ತು. ಅದೇ ಕೆಂಪು, ಅದೇ ಅಳತೆ. ವೈರನ್ನು ಸರಿಯಾಗಿ ಜೋಡಿಸಿ, ಟೇಪು ಸುತ್ತಿ, ಎರಡು ಸಲ ಕಣ್ಣಿಟ್ಟು ನೋಡಿ, ಫ್ಯೂಸು ಕಿತ್ತು ಈ ಕಡೆ ಹಾಕಿದೆ. ಅಕ್ಕ ಸ್ವಿಚ್ ಒತ್ತಿದಳು.

ಫ್ಯಾನು ತಿರುಗಿತು. ನಾವು ಎಂದೂ ಕಾಣದ ವೇಗದಲ್ಲಿ ತಿರುಗಿ, ಗೋಡೆಯ ಕ್ಯಾಲೆಂಡರನ್ನು ಹಾರಿಸಿತು. ಫ್ರಿಜ್ಜು ಗುರ್ ಎಂದು ದನಿ ಹಿಡಿದು ಬಿಡಲಿಲ್ಲ. ಕಡ್ಡಿ ಹಿಡಿದು ನೋಡಿದರೆ ಕರಿ ತುದಿಗೂ ಗಾಡಿಯ ಮೈಗೂ ನಡುವೆ ಸೊನ್ನೆ. ಜೀವನದಲ್ಲಿ ಸೊನ್ನೆ ಅಂಕಕ್ಕೆ ಅಷ್ಟು ಸಂತೋಷಪಟ್ಟ ಟೀಚರು ನಾನೊಬ್ಬಳೇ ಇರಬೇಕು. ಯಜಮಾನರು ಒಳಗಿಣುಕಿ, "ಗಾಳಿ ಭಾಳ ಛಲೋ ಐತ್ರಿ," ಎಂದು ಸರ್ಟಿಫಿಕೇಟು ಕೊಟ್ಟು ಹೊಲಕ್ಕೆ ಹೋದರು.

ಬಸಣ್ಣ ಬಂದಾಗ ನಾವು ಮಂಚದ ಮೇಲೆ ಕುಳಿತು ಊಟಕ್ಕೆ ತೆಗೆಯುತ್ತಿದ್ದೆವು. ಹಿಂದೆ ಗೂಡ್ಸ್ ಗಾಡಿ, ಅದರಲ್ಲಿ ಸರಪಳಿ, ವೀರೇಶನ ತೊಡೆಯ ಮೇಲೆ ಮೂರನೆಯ ಹೊಸ ಬ್ಯಾಟರಿ. ಬಸಣ್ಣ ತಿರುಗುವ ಫ್ಯಾನನ್ನು ನೋಡಿದ. ಗ್ರೀಸು ಮೆತ್ತಿದ ನಮ್ಮ ಮುಖ ನೋಡಿದ.

ನಾನು ವೀರೇಶನನ್ನು ಕರೆದು ಬೋಲ್ಟು ತೋರಿಸಿದೆ, ಅಂಕಿಗಳನ್ನು ಹೇಳಿದೆ. ಅವನು ಮೊಣಕಾಲೂರಿ ಬಹಳ ಹೊತ್ತು ನೋಡಿದ. ಆಮೇಲೆ ಎದ್ದು, ಮೊದಲ ಸಲ ಬಸಣ್ಣನ ಕಡೆ ತಿರುಗದೆ, ನನಗೇ ಹೇಳಿದ. "ಇಲ್ಲಿ ನಾ ನೋಡಿರ್ಲಿಲ್ರಿ ಅಮ್ಮಾರ. ನಂದು ತಪ್ಪಾತು." ದೊಡ್ಡ ಮಾತು ಅದು. ನನ್ನ ಸಹೋದ್ಯೋಗಿಗಳಲ್ಲಿ ಅದನ್ನು ಹೇಳಿದವರು ಕಡಿಮೆ. ನಾನೂ ಹೇಳಿದವಳಲ್ಲ.

ಬಸಣ್ಣ ಮಾತ್ರ ಆ ಮಾತು ಹೇಳಲಿಲ್ಲ. "ಸರಿ, ಇವತ್ತು ಆತು. ನಾಳಿ ಇನ್ನೊಂದ್ ಬಿಚ್ಚಿಕೊಳ್ಳತೈತಿ. ದೊಡ್ಡಕ್ಕ, ಅವ್ರಿಗೆ ನಾ ಮಾತು ಕೊಟ್ಟೀನಿ."

"ಗಾಡಿ ನಂದು. ಮಾತು ನೀ ಹೆಂಗ ಕೊಟ್ಟಿ?"

"ನಿನಗೇನರ ಆದ್ರ ಯಾರು ಹೊಣೆ? ಆಸ್ಪತ್ರ್ಯಾಗ ನಾ ಕುಂತಿದ್ದು ಮರತಿ ಏನು?" ಅವನು ಗಾಡಿಯ ಬಾಗಿಲು ಹಿಡಿದುಕೊಂಡ. "ನನಗ ಅಂಜಿಕಿ ಆಗತೈತಿ ಅಕ್ಕಾ."

ಅಕ್ಕ ಊಟದ ಬುಟ್ಟಿ ಹತ್ತಿರ ಎಳೆದುಕೊಂಡಳು. "ಮರತಿಲ್ಲ. ಅವತ್ತು ನಾ ಎಲ್ಲಿದ್ದೆ ಬಸಣ್ಣ? ಗುಡ್ಡದ ಮ್ಯಾಲಿದ್ನೇನು? ನಿನ್ನ ಮನ್ಯಾಗ, ಫ್ಯಾನಿನ ಬುಡಕ ಕುಂತಿದ್ದೆ. ಆಗೋದು ಮನ್ಯಾಗ ಕುಂತ್ರೂ ಆಗತೈತಿ. ನಿನ್ನ ಅಂಜಿಕಿ ನೀ ಇಟಗೋ. ನನಗ ಹೊರಸಬ್ಯಾಡ."

ಬಸಣ್ಣ ಕೈ ಚಾಚಿದ. "ಕೀಲಿ ಕೊಡು."

ಅಕ್ಕ ಬುಟ್ಟಿಗೆ ಕೈ ಹಾಕಿ, ಎರಡು ಸಜ್ಜಿರೊಟ್ಟಿ ತೆಗೆದು, ಮೇಲೆ ಒಂದು ಮುಷ್ಟಿ ಶೇಂಗಾ ಚಟ್ನಿ ಇಟ್ಟು ಆ ಚಾಚಿದ ಕೈಯ ಮೇಲಿಟ್ಟಳು. "ಉಣ್ಣು. ಉಂಡು ಊರಿಗೆ ಹೋಗು."

ಅವನಿಗೆ ಬೇರೆ ದಾರಿಯಿರಲಿಲ್ಲ. ಕೈಯಲ್ಲಿ ರೊಟ್ಟಿ ಹಿಡಿದು ಜಗಳಾಡುವುದು ನಮ್ಮ ಕಡೆ ಯಾರಿಗೂ ಬರುವುದಿಲ್ಲ. ಗಾಡಿಯ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕುಳಿತು ಉಂಡ. ವೀರೇಶನೂ ಉಂಡ. ಬೆನ್ನಿಗೆ ಫ್ಯಾನಿನ ಗಾಳಿ ಬೀಸುತ್ತಿತ್ತು. ಹೋಗುವಾಗ ಬಸಣ್ಣ ಸರಪಳಿಯನ್ನು ಗೂಡ್ಸ್ ಗಾಡಿಗೆ ತಾನೇ ಎತ್ತಿ ಹಾಕಿದ. ಹೋಗಿ ಬರುತ್ತೇನೆಂದು ಹೇಳಲಿಲ್ಲ.

ಮರುದಿನ ಬೆಳಕು ಹರಿಯುವಾಗ ತಣ್ಣಗಿನ ಇನ್ಸುಲಿನ್ ಚುಚ್ಚಿಕೊಂಡು, ಉಪ್ಪಿಟ್ಟು ತಿಂದು ಅಕ್ಕ ಗುಡ್ಡ ಹತ್ತತೊಡಗಿದಳು. ಹತ್ತು ಹೆಜ್ಜೆಗೊಮ್ಮೆ ನಿಂತಳು. ನಿಂತಾಗಲೆಲ್ಲ, ಬಂಡೆಯ ಚಂದ ನೋಡಲು ನಿಂತದ್ದೆಂದು ಹೇಳಿದಳು. ನಾನೂ ಬಂಡೆಯ ಚಂದ ನೋಡಿದೆ, ಏದುಸಿರು ನನಗೂ ಇತ್ತು. ಬಿಸಿಲು ಏರುವ ಹೊತ್ತಿಗೆ ಮೇಲಿದ್ದೆವು. ಮೋರೇರ ಮನೆಗಳು ಸಾಲಾಗಿ ನಿಂತಿದ್ದವು. ಒಂದೊಂದು ಚಪ್ಪಡಿಯೂ ನಮ್ಮ ಗಾಡಿಯಷ್ಟು. ಅಕ್ಕ ಒಂದರ ನೆರಳಿನಲ್ಲಿ ಕುಳಿತು, ದೂರದಲ್ಲಿ ಹಸಿರು ಗೆರೆಯಂತೆ ಕಾಣುವ ಗದ್ದೆಗಳನ್ನು ನೋಡುತ್ತ ಫೋನು ತೆಗೆದಳು.

"ಬಸಣ್ಣ, ಗುಡ್ಡದ ಮ್ಯಾಲ ಅದೀನಿ. ಸಕ್ರಿ ನೋಡಿಕೊಂಡೀನಿ, ಸರಿ ಐತಿ. ಟಿಫಿನ್ ಸೆಂಟರಿನವರಿಗೆ ಬ್ಯಾರೆ ಗಾಡಿ ನೋಡ್ಕೊಳ್ರಿ ಅಂತ ಹೇಳು. ನಾವು ನಾಳಿ ಯಲಬುರ್ಗಾದ ಕಡಿ ಹೊಂಟೀವಿ, ಅಲ್ಲಿಂದ ಬಾದಾಮಿ." ಅವನ ಉತ್ತರಕ್ಕೆ ಕಾಯದೆ ಫೋನು ಇಟ್ಟಳು.

ಬಾದಾಮಿಯ ಸುದ್ದಿ ನನಗೂ ಹೊಸದು. "ನನ್ನ ಕೇಳಿದೇನು?" ಎಂದೆ.

"ನಿನ್ನ ಯಾಕ ಕೇಳ್ಬೇಕು? ಡ್ರೈವರ್ ನಾನು."

"ಕರೆಂಟ್ ನಂದು," ಎಂದೆ. "ನನ್ನೂ ಕೇಳ್ಬೇಕು."

ಗುಡ್ಡ ಇಳಿಯುವವರೆಗೂ ಇಬ್ಬರೂ ಜೋರಾಗಿ ಜಗಳಾಡಿದೆವು. ಯಾರೂ ಸೋಲಲಿಲ್ಲ.